ಗೋಳಿಮರದ ಸ್ಟಾಪು

ಮೂರನೆಯ ರೀಡೂ ಸೀಳಿತು. ಸಂಕಪ್ಪ ಶೆಟ್ಟಿ ಸ್ಯಾಕ್ಸೋಫೋನನ್ನು ಬಾಯಿಯಿಂದ ತೆಗೆದು, ತುದಿ ಬಿರುಕು ಬಿಟ್ಟ ಆ ತೆಳ್ಳಗಿನ ಪಟ್ಟಿಯನ್ನು ನೋಡುತ್ತ ತಲೆ ತಗ್ಗಿಸಿ ಕುಳಿತ. ಅರವತ್ತಮೂರು ವರ್ಷದ ದೊಡ್ಡ ಆಳು. ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ ಶೇಷಪ್ಪನಿಗೆ ಎಂಬತ್ತರ ಹತ್ತಿರ. ನರಿಕೊಂಬಿನ ಈ ಜಗಲಿಯಲ್ಲಿ ಕುಳಿತೇ ಎಷ್ಟೋ ಮದುವೆಗಳಿಗೆ ಸ್ಯಾಕ್ಸೋಫೋನ್ ವಾಲಗಕ್ಕೆ ಒಪ್ಪಿ ವೀಳ್ಯ ಹಿಡಿದ ಮುದುಕ ಈಗ ಬಾಯಿಯಲ್ಲಿ ಒಂದು ಹಲ್ಲೂ ಇಲ್ಲದೆ ನಗುತ್ತಿದ್ದ.

"ಇದು ವಿಸಿಲ್ ಅಲ್ಲ ಕಂಡಕ್ಟ್ರೇ," ಎಂದ. "ಕಚ್ಚುವುದಲ್ಲ. ತುಟಿಯಲ್ಲಿ ಹಿಡಿಯುವುದು."

ಹೇಳಿದಷ್ಟು ಸುಲಭವಲ್ಲ ಅದು. ಬಂಟ್ವಾಳ–ಮೂಡುಬಿದಿರೆ ದಾರಿಯ 'ಪದ್ಮಪ್ರಿಯ' ಬಸ್ಸಿನಲ್ಲಿ ಸಂಕಪ್ಪ ಮೂವತ್ತೆರಡು ವರ್ಷ ಕಂಡಕ್ಟರಾಗಿದ್ದವನು. ಒಂದು ಕೈ ಕಂಬಿಗೆ, ಇನ್ನೊಂದು ಕೈ ಟಿಕೇಟಿಗೆ; ವಿಸಿಲಿಗೆ ಉಳಿದದ್ದು ಹಲ್ಲು ಮಾತ್ರ. ಒಂದು ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಕೆಲಸ ಬಿಟ್ಟು ಮೂರು ವರ್ಷವಾಗಿದ್ದರೂ ತುಟಿಗೆ ಏನು ತಾಗಿದರೂ ಮೊದಲು ಹಲ್ಲೇ ಮುಂದೆ ಬರುತ್ತಿತ್ತು. ಉಸಿರಿನದೂ ಅದೇ ಹಣೆಬರಹ. ಒಂದು 'ಸಾ' ಹಿಡಿದು ನಿಲ್ಲಿಸಲು ಹೋದರೆ ನಡುವೆ ನಾಲ್ಕು ಕಡೆ ತುಂಡಾಗುತ್ತಿತ್ತು. ನಿಮ್ಮ ಉಸಿರು ಶಟ್ಲ್ ಬಸ್ಸು, ಸಿಕ್ಕಿದ ಸ್ಟಾಪಿನಲ್ಲೆಲ್ಲ ನಿಲ್ಲಿಸುತ್ತದೆ, ಅದನ್ನು ಎಕ್ಸ್‌ಪ್ರೆಸ್ ಮಾಡಿ ಎಂದು ಶೇಷಪ್ಪ ದಿನಾ ಹಾಸ್ಯ ಮಾಡುತ್ತಿದ್ದ.

ಸಂಕಪ್ಪನ ಮನೆ ಸಿದ್ದಕಟ್ಟೆಯ ಹತ್ತಿರ. ವಾರಕ್ಕೆ ಎರಡು ದಿನ, ಗುರುವಾರ ಮತ್ತು ಭಾನುವಾರ, ಮಧ್ಯಾಹ್ನದ ಊಟ ಮುಗಿಸಿ ಎರಡು ಬಸ್ಸು ಬದಲಿಸಿ ಬರುತ್ತಿದ್ದ. ಹೆಂಡತಿ ಶಶಿಪ್ರಭಾ ಮೊದಮೊದಲು ಹೊಟ್ಟೆ ಹಿಡಿದು ನಕ್ಕಿದ್ದಳು. ನಮ್ಮ ಕುಟುಂಬದವರಿಗೆ ವಾಲಗಕ್ಕೆ ಹೇಳಿಕಳಿಸಿ ಗೊತ್ತುಂಟು, ಊದಿ ಗೊತ್ತಿಲ್ಲ ಎಂದು ಸಂಕಪ್ಪನ ಅಣ್ಣ ಕುಟುಕಿದ ದಿನದಿಂದ ಮಾತ್ರ ಅವಳು ಗಂಡನ ಪಕ್ಷಕ್ಕೆ ಬಂದಳು. ಮನೆಯಲ್ಲಿ ಕುಳಿತು ಕುಕ್ಕರಿನ ವಿಸಿಲ್ ಲೆಕ್ಕ ಮಾಡುವುದಕ್ಕಿಂತ ಇದು ಎಷ್ಟೋ ವಾಸಿ ಎಂಬುದು ಅವಳ ವಾದ.

ಆಸೆ ಇಂದು ನಿನ್ನೆಯದಲ್ಲ. ಆಗ ಸಂಕಪ್ಪನಿಗೆ ಮದುವೆ ಕೂಡ ಆಗಿರಲಿಲ್ಲ. ಒಂದು ಆಟಿ ತಿಂಗಳ ಜಡಿಮಳೆಗೆ ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆಗೆ ನೀರು ನುಗ್ಗಿ, ಅವನ ಬಸ್ಸು ದಿಬ್ಬದ ಮೇಲೆ ಸಿಕ್ಕಿಹಾಕಿಕೊಂಡಿತ್ತು. ಮುಂದೆ ನೀರು, ಹಿಂದೆ ಲಾರಿಗಳ ಸಾಲು. ಮಕ್ಕಳು ಅಳುತ್ತಿದ್ದವು, ದೊಡ್ಡವರು ಡ್ರೈವರನಿಗೆ ಬೈಯುತ್ತಿದ್ದರು. ಆಗ ಅದೇ ಬಸ್ಸಿನಲ್ಲಿದ್ದ ಶೇಷಪ್ಪ, ಡ್ರೈವರನ ಪಕ್ಕ ಇಂಜಿನಿನ ಬಾನೆಟ್ ಮೇಲಿಟ್ಟಿದ್ದ ಸ್ಯಾಕ್ಸೋಫೋನಿನ ಪೆಟ್ಟಿಗೆ ಬಿಚ್ಚಿ ಊದಲು ಶುರುಮಾಡಿದ್ದ. ಎರಡು ಗಂಟೆ. ಅಳುವ ಮಕ್ಕಳು ಬಾಯಿ ಮುಚ್ಚಿದವು, ಡ್ರೈವರ್ ಹಚ್ಚಿದ ಬೀಡಿ ಕೈಯಲ್ಲೇ ಆರಿಹೋಯಿತು. ನೀರು ಇಳಿಯಿತು, ಹೋಗುವ ಎಂದು ಯಾರೋ ಕೂಗಿದಾಗ ಸಂಕಪ್ಪನಿಗೆ ವಿಸಿಲ್ ಹಾಕಲು ಮನಸ್ಸೇ ಬಂದಿರಲಿಲ್ಲ. ಅಷ್ಟು ಸುಖದ ದಿನ ಮತ್ತೆ ಬರಲಿಲ್ಲ ಎಂದು ಅವನು ಈಗಲೂ ಹೇಳುತ್ತಾನೆ. ಅಲ್ಲಿಂದ ಮೇಲೆ ಶೇಷಪ್ಪನ ಪೆಟ್ಟಿಗೆಗೆ ಬಾನೆಟ್ ಮೇಲೆ ಖಾಯಂ ಜಾಗ. ಒಂದಲ್ಲ ಒಂದು ದಿನ ನನಗೂ ಕಲಿಸಬೇಕು ಎಂದು ಸಂಕಪ್ಪ ಹೇಳುವುದು, ಬನ್ನಿ ಎಂದು ಶೇಷಪ್ಪ ನಗುವುದು.

ಸಂಕಪ್ಪ ಯಾರಿಗೂ ಹೇಳದ ಇನ್ನೊಂದು ದಿನವಿತ್ತು. ಅದು ತೊಂಬತ್ತೆಂಟರ ಮೇ ತಿಂಗಳು, ಮದುವೆಗಳ ಭಾನುವಾರ. ಶೇಷಪ್ಪ ಹಿಂದಿನ ದಿನ ಅಕ್ಕನ ಮನೆಯಲ್ಲಿ ಉಳಿದಿದ್ದವನು ಗೋಳಿಮರದ ಸ್ಟಾಪಿಗೆ ಪೆಟ್ಟಿಗೆ ಹೊತ್ತು ಓಡಿ ಬರುತ್ತಿದ್ದ. ಮೂಡುಬಿದಿರೆಯಲ್ಲಿ ಅವನ ಅಪ್ಪನ ಕಾಲದಿಂದಲೂ ಕರೆಯುತ್ತಿದ್ದ ಮನೆಯ ಮದುವೆ. ಬಸ್ಸು ಕಿಕ್ಕಿರಿದಿತ್ತು, ಹಿಂದಿನಿಂದ ಇನ್ನೊಂದು ಬಸ್ಸು ಹಾರನ್ ಹೊಡೆಯುತ್ತ ಬಾಲ ಹಿಡಿದಿತ್ತು. ಸಂಕಪ್ಪ ಓಡಿ ಬರುವವನನ್ನು ನೋಡಿದ. ನೋಡಿಯೇ ಎರಡು ವಿಸಿಲ್ ಹಾಕಿದ. ಪೈಪೋಟಿಯ ಹಿಂದಿನ ಬಸ್ಸೂ ನಿಲ್ಲಿಸಲಿಲ್ಲ. ಮುಹೂರ್ತದ ಹೊತ್ತಿಗೆ ಡೋಲಿನವರು ಮಾತ್ರ ಮುಟ್ಟಿದ್ದರು. ಬರೀ ಡೋಲು ಬಡಿದು ಧಾರೆ ಮುಗಿಸಿದರು. ಆ ಮನೆಯವರು ಅದನ್ನು ಅಪಶಕುನವೆಂದು ಮನಸ್ಸಿಗೆ ಹಚ್ಚಿಕೊಂಡು ಶೇಷಪ್ಪನಿಗೆ ಮತ್ತೆ ವೀಳ್ಯ ಕೊಡಲಿಲ್ಲ; ಅವರನ್ನು ನೋಡಿ ಉಳಿದ ನಾಲ್ಕಾರು ಮನೆಯವರೂ ಬಿಟ್ಟರು. ವಾರದ ನಂತರ ಬಸ್ಸು ಹತ್ತಿದ ಶೇಷಪ್ಪ, ಆ ದಿನ ಮುಂದೆ ಹೋದದ್ದು ನಿಮ್ಮ ಬಸ್ಸಾ ಎಂದು ಮೆಲ್ಲಗೆ ಕೇಳಿದ್ದ. ನಮ್ಮದಲ್ಲ, ಇನ್ನೊಂದು ಬಸ್ಸು ಎಂದಿದ್ದ ಸಂಕಪ್ಪ. ಹೌದಾ ಎಂದು ಶೇಷಪ್ಪ ಟಿಕೇಟು ತೆಗೆದುಕೊಂಡಿದ್ದ. ಇಪ್ಪತ್ತಾರು ವರ್ಷವಾಯಿತು.

ಕಲಿಯಲು ಬಂದ ಐದನೆಯ ತಿಂಗಳಿಗೆ 'ಸಾ' ಅಲುಗದೆ ನಿಂತಿತು. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಶೇಷಪ್ಪನ ಸೊಸೆ ಕೈಯಲ್ಲಿನ ಬಟ್ಟೆ ಹಿಡಿದುಕೊಂಡೇ ತಿರುಗಿ ನೋಡಿದಳು. ಬಾಯಿಗಿಡುವ ಕಪ್ಪು ತುಂಡಿನ ಮೇಲೆ ಎರಡು ಸಣ್ಣ ಕುಳಿಗಳಿದ್ದವು. ಶೇಷಪ್ಪನ ಮೇಲಿನ ಹಲ್ಲುಗಳು ನಲವತ್ತು ವರ್ಷ ಊರಿ ಬಿದ್ದ ಗುರುತು. ಹಲ್ಲು ಹೋಗಿ ಗುರುತು ಉಳಿದಿತ್ತು. ಅವತ್ತು ಸಂಕಪ್ಪನ ಹಲ್ಲುಗಳು ಕಚ್ಚದೆ, ಆ ಕುಳಿಗಳಲ್ಲಿ ಸುಮ್ಮನೆ ಕುಳಿತಿದ್ದವು.

ಮುಂದಿನ ಭಾನುವಾರ ಬಂದಾಗ ಜಗಲಿಯಲ್ಲಿ ಪೆಟ್ಟಿಗೆ ಒರೆಸಿ ಇಟ್ಟಿತ್ತು. ಪಕ್ಕದಲ್ಲಿ ಹರಿವಾಣ, ಅದರಲ್ಲಿ ಐದು ವೀಳ್ಯದೆಲೆ, ಒಂದು ಅಡಿಕೆ. ಮಗನಿಗೆ ಇದು ಬೇಡ, ಮೊಮ್ಮಕ್ಕಳಿಗೆ ಕೀಬೋರ್ಡು ಸಾಕು; ಇಲ್ಲಿದ್ದರೆ ತುಕ್ಕು ಹಿಡಿಯುತ್ತದೆ, ನೀವೇ ತೆಗೆದುಕೊಂಡು ಹೋಗಿ ಎಂದು ಶೇಷಪ್ಪ ಹರಿವಾಣವನ್ನು ಮುಂದೆ ಸರಿಸಿದ. ಸಂಕಪ್ಪನ ಕೈ ಮುಂದೆ ಹೋಗಲಿಲ್ಲ. ಆ ದಿನದ ನಿಜ ಹೇಳಿದರೆ ಈ ಜಗಲಿಗೆ ಮತ್ತೆ ಕಾಲಿಡುವ ಹಾಗಿಲ್ಲ, ಗುರುವೂ ಇಲ್ಲ, ವಾದ್ಯವೂ ಇಲ್ಲ. ಹೇಳದೆ ಇದನ್ನು ಮನೆಗೆ ಒಯ್ದರೆ ಯಾವ ಬಾಯಿಯಿಂದ ಊದುವುದು?

"ಶೇಷಪ್ಪಣ್ಣ, ಆ ದಿನ ಗೋಳಿಮರದಲ್ಲಿ ಬಿಟ್ಟು ಹೋದದ್ದು ನಮ್ಮ ಬಸ್ಸು," ಎಂದ. "ನಿಮ್ಮನ್ನು ನೋಡಿಯೇ ವಿಸಿಲ್ ಹಾಕಿದ್ದೆ ನಾನು."

ಶೇಷಪ್ಪ ಅಡಿಕೆಯನ್ನು ಹರಿವಾಣದಲ್ಲೇ ಒಮ್ಮೆ ಹೊರಳಿಸಿದ.

"ಗೊತ್ತುಂಟು," ಎಂದ. "ಧೂಳಿನಲ್ಲಿ ಬೋರ್ಡು ಕಾಣಲಿಲ್ಲ. ವಿಸಿಲ್ ಕೇಳಿತಲ್ಲ. ನಿಮ್ಮದು ಎರಡನೆಯದು ಸ್ವಲ್ಪ ಮೇಲೆ ಏರ್ತದೆ. ಆ ಲೈನಿನಲ್ಲಿ ಬೇರೆ ಯಾರದ್ದೂ ಹಾಗೆ ಇರ್ಲಿಲ್ಲ."

ಗೊತ್ತಿದ್ದೂ, ತಾನು ಸುಳ್ಳು ಹೇಳಿದಾಗ ಯಾಕೆ ಸುಮ್ಮನಾದದ್ದು ಎಂದು ಸಂಕಪ್ಪ ಕೇಳಿದ.

"ಮತ್ತೆ ಅದೇ ಬಸ್ಸಿಗೆ ಹತ್ತಬೇಕಿತ್ತಲ್ಲ ನನಗೆ," ಎಂದ ಶೇಷಪ್ಪ.

ಸಿಟ್ಟಿನಿಂದ ಹೇಳಿದ್ದರೆ ಸಂಕಪ್ಪ ಹೇಗೋ ತಡೆದುಕೊಳ್ಳುತ್ತಿದ್ದ. ಬಸ್ಸಿನ ಸಮಯ ಹೇಳಿದಷ್ಟೇ ಸಲೀಸಾಗಿ ಹೇಳಿದ್ದ ಮುದುಕ. ಬಾನೆಟ್ ಮೇಲಿನ ಜಾಗವನ್ನು ಇಷ್ಟು ವರ್ಷ ತಾನು ಪ್ರೀತಿಯಿಂದ ಕೊಟ್ಟದ್ದೆಂದು ನಂಬಿದ್ದವನಿಗೆ ನಾಚಿಕೆಯಾಯಿತು.

ಆಮೇಲೆ ಶೇಷಪ್ಪ ಯಾರಿಗೂ ಹೇಳದ ತನ್ನ ಪಾಲಿನ ಕಥೆಯನ್ನು ಹೇಳಿದ. ಆ ದಿನ ರಿಕ್ಷಾಗಳೆಲ್ಲ ಮದುವೆ ಬಾಡಿಗೆಗೆ ಹೋಗಿದ್ದವು. ಆಮೇಲೆ ಬಂದ ಬಸ್ಸೂ ತುಂಬಿ ನಿಲ್ಲಲಿಲ್ಲ. ಮುಹೂರ್ತ ಹತ್ತೂ ಮುಕ್ಕಾಲಿಗೆ. ವಾಚು ನೋಡಿ, ಸ್ಟಾಪಿನಲ್ಲೇ ಪೆಟ್ಟಿಗೆ ಬಿಚ್ಚಿ, ಮೂಡುಬಿದಿರೆಯ ಕಡೆಗೆ ಮುಖ ಮಾಡಿ ನಿಂತು ಧಾರೆಯ ವಾಲಗವನ್ನು ಪೂರ್ತಿ ಊದಿದ್ದ. ಕೇಳಲು ಎರಡು ದನ ಇದ್ದವು. ವೀಳ್ಯ ಹಿಡಿದ ಮೇಲೆ ಊದದೆ ಇರುವ ಹಾಗಿಲ್ಲ.

ಹರಿವಾಣ ಇನ್ನೂ ಅಲ್ಲೇ ಇತ್ತು. ಸಂಕಪ್ಪ ಎದ್ದು ಹೊರಡಬೇಕೆಂದು ಚಪ್ಪಲಿ ಹುಡುಕಿದ.

"ಎಲ್ಲಿಗೆ?" ಎಂದ ಶೇಷಪ್ಪ. "ಎಲೆ ಬಾಡ್ತದೆ. ಹಿಡೀರಿ. ಗುರುವಾರ ಬರುವಾಗ ಪೆಟ್ಟಿಗೆ ತನ್ನಿ, ಇನ್ನು 'ರಿ' ಹಿಡಿಯುವ."

ಸಂಕಪ್ಪ ಬಗ್ಗಿ, ಎರಡೂ ಕೈಯಲ್ಲಿ ಎಲೆ ಅಡಿಕೆ ತೆಗೆದುಕೊಂಡ.

ಬಂಟ್ವಾಳದಲ್ಲಿ ಹತ್ತಿದ ಬಸ್ಸಿನಲ್ಲಿ ಅವನು ಸಿದ್ದಕಟ್ಟೆಯವರೆಗೆ ಹೋಗಲಿಲ್ಲ. ಪೆಟ್ಟಿಗೆ ಹಿಡಿದು ಗೋಳಿಮರದ ಸ್ಟಾಪಿನಲ್ಲಿ ಇಳಿದ. ಈಗ ಅಲ್ಲಿ ಸಿಮೆಂಟಿನ ತಂಗುದಾಣ, ಮರದ ಅರ್ಧ ಕೊಂಬೆಗಳನ್ನು ರಸ್ತೆಗೆಂದು ಕಡಿದಿದ್ದಾರೆ. ಬೆಂಚಿನ ಮೇಲೆ ಪೆಟ್ಟಿಗೆ ಬಿಚ್ಚಿ, ವಾದ್ಯ ತೂಗುವ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡು, ಮೂಡುಬಿದಿರೆಯ ಕಡೆಗೆ ಮುಖ ಮಾಡಿ ನಿಂತ. ಹಲ್ಲುಗಳು ತಾವಾಗಿಯೇ ಆ ಎರಡು ಕುಳಿಗಳಿಗೆ ಇಳಿದವು. ಅವನಿಗೆ ಬರುತ್ತಿದ್ದದ್ದು ಒಂದೇ ಸ್ವರ. ಅದನ್ನೇ ಹಿಡಿದ.

ಮುಂದಿನ ಬಸ್ಸು ಬಂತು. ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ದೂರದಿಂದಲೇ ಅವನನ್ನು ನೋಡಿ ಒಂದು ವಿಸಿಲ್ ಹಾಕಿದ. ಬಸ್ಸು ಎದುರಿಗೇ ನಿಂತಿತು. ಸಂಕಪ್ಪ ಊದುವುದನ್ನು ನಿಲ್ಲಿಸದೆ, ಕಣ್ಣಿನಲ್ಲೇ ಹೋಗಿ ಎಂದ. ಕಂಡಕ್ಟರ್ ಎರಡು ವಿಸಿಲ್ ಹಾಕಿದ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಆ 'ಸಾ' ಎಲ್ಲೂ ತುಂಡಾಗದೆ ನಿಂತೇ ಇತ್ತು.