ಅಂಚಿನಲ್ಲಿ ಕಲ್ಯಾಣಮ್ಮ

"ಅಪ್ಪನ ಗದ್ದ ಸ್ವಲ್ಪ ಮೇಲೆತ್ತೋ ಶಿವು, ಎದೆ ಮೇಲೆ ಬೀಳ್ತಾ ಇದೆ," ಎಂದರು ಕಲ್ಯಾಣಮ್ಮ.

ಶಿವಕಿರಣ್ ಅಪ್ಪನ ತಲೆಗೆ ಸುತ್ತಿದ್ದ ಬಿಳಿ ವಸ್ತ್ರವನ್ನು ಕುರ್ಚಿಯ ಬೆನ್ನಿಗೆ ಇನ್ನೊಂದು ಸುತ್ತು ಬಿಗಿದ. ಕಾಮಾಕ್ಷಿಪಾಳ್ಯದ ಆ ಸಣ್ಣ ಮನೆಯ ಮುಂದೆ, ಶಾಮಿಯಾನದ ಕೆಳಗೆ, ಕರಿಬಸಪ್ಪ ಮೈತುಂಬ ವಿಭೂತಿ ಧರಿಸಿ ನೆಟ್ಟಗೆ ಕುಳಿತರು. ಎಪ್ಪತ್ತಮೂರು ವರ್ಷ. ನಿನ್ನೆ ಬೆಳಿಗ್ಗೆ ಕಾಫಿ ಕುಡಿದು ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ.

"ನಲವತ್ತು ವರ್ಷ ಮೆರವಣಿಗೇಲಿ ಬಾಯಿಂದ ಬೆಂಕಿ ಉಗುಳ್ದ. ಈಗ ನೋಡಿ, ಬೆಂಕಿ ಸೋಕ್ದೆ ಮಣ್ಣಿಗೆ ಹೋಗ್ತಿದಾನೆ," ಎಂದರು ಸಂಪತ್. ಗಾರ್ಮೆಂಟ್ಸಿನಲ್ಲಿ ಕರಿಬಸಪ್ಪನವರ ಪಕ್ಕದ ಮೇಜಿನಲ್ಲೇ ಇಸ್ತ್ರಿ ಹಾಕಿದವರು. "ಒಂದ್ಸಲ ಮೀಸೆ ಸುಟ್ಕೊಂಡು, ಕಾಡಿಗೇಲಿ ಬರ್ಕೊಂಡು ಡ್ಯೂಟಿಗೆ ಬಂದಿದ್ದ. ಇಸ್ತ್ರಿ ಹಬೆಗೆ ಮಧ್ಯಾಹ್ನದ ಹೊತ್ತಿಗೆ ಮೀಸೆ ಗದ್ದಕ್ಕಿಳಿದಿತ್ತು!"

ಅಳುತ್ತಿದ್ದವರೂ ನಕ್ಕರು. ಕಲ್ಯಾಣಮ್ಮನವರಿಗೂ ಗಂಡನ ಕಾಲ ಬಳಿ ಕುಳಿತಲ್ಲೇ ನಗು ತಡೆಯಲಾಗಲಿಲ್ಲ.

"ಮೂರಕ್ಕೆ ಎತ್ತಬೇಕು, ಹೊತ್ತಾಯ್ತು," ಎಂದು ಪೂಜೆಗೆ ಬಂದಿದ್ದ ಅಯ್ಯನವರು ಎಚ್ಚರಿಸುವಾಗಲೇ ಆಟೋ ಬಂದು ನಿಂತಿತು. ಇಳಿದವಳು ಅನಘಾ. ಎರಡು ವರ್ಷ ಮೆರವಣಿಗೆಯಿಂದ ಮೆರವಣಿಗೆಗೆ ಕರಿಬಸಪ್ಪನವರ ಹಿಂದೆ ಕ್ಯಾಮೆರಾ ಹಿಡಿದು ಓಡಾಡಿದ ಹುಡುಗಿ. ಕಂಕುಳಲ್ಲಿ ಒಂದು ಪೊಟ್ಟಣ.

"ಅಂಕಲ್ ಫೋಟೋ ಪುಸ್ತಕದ ಅಂಟು ಒಣಗಿಲ್ಲ ಅಂತ ರಾಜಾಜಿನಗರದ ಪ್ರೆಸ್ಸಿನೋರು ಕೊಡ್ತಾನೇ ಇರ್ಲಿಲ್ಲ. ಆಂಟಿ, ಅಂಕಲ್ ಎದುರಿಗೇ ನೀವಿದನ್ನ ನೋಡ್ಬೇಕು."

"ಬೇಡಮ್ಮ. ನಂಗೆ ಧೈರ್ಯ ಇಲ್ಲ."

*

ಹೋದ ತಿಂಗಳು, ಮಾರೇನಹಳ್ಳಿಯ ತನ್ನ ಕೋಣೆಯಲ್ಲಿ, ಅನಘಾ ಲ್ಯಾಪ್‌ಟಾಪ್ ತಿರುಗಿಸಿ ಕರಿಬಸಪ್ಪನವರಿಗೆ ಪುಸ್ತಕದ ಪುಟಗಳನ್ನು ತೋರಿಸಿದ್ದಳು.

"ಎಲ್ಲದ್ರಲ್ಲೂ ಅಂಚಲ್ಲಿ ಆಂಟಿ ಇದಾರೆ ಅಂಕಲ್, ಕಣ್ಣು ಮುಚ್ಕೊಂಡು. ಕತ್ತರಿಸಿಬಿಡ್ಲಾ? ಬೆಂಕಿ ಚೆನ್ನಾಗಿ ಎದ್ದು ಕಾಣುತ್ತೆ."

"ಬೇಡ ಬೇಡ. ಅವಳ ಕೈ ನೋಡು."

ಅನಘಾ ಚಿತ್ರವನ್ನು ಹಿಗ್ಗಿಸಿದಳು. ಕಲ್ಯಾಣಮ್ಮನವರ ಕೈಯಲ್ಲಿ ಒದ್ದೆ ಗೋಣಿಚೀಲ. ಮುಂದಿನ ಚಿತ್ರದಲ್ಲೂ ಅದೇ.

"ನಲವತ್ತು ವರ್ಷದಲ್ಲಿ ಒಂದು ಆಟನೂ ತಪ್ಪಿಸಿಲ್ಲ, ಒಂದನ್ನೂ ನೋಡಿಲ್ಲ," ಕರಿಬಸಪ್ಪ ನಕ್ಕರು. "ನಂಗೇನಾದ್ರೂ ಬೆಂಕಿ ಹತ್ತಿದ್ರೆ, ಕಣ್ಣು ಮುಚ್ಕೊಂಡು ಆ ಚೀಲ ಯಾರ ಮೇಲೆ ಹಾಕ್ತಿದ್ಲೋ! ಬಟ್ಟೇಲಿ ಹೊಲಿಗೆಗೆ ಅಂತ ಜಾಗ ಬಿಡ್ತೀವಲ್ಲ, ಹಂಗೆ ಅಂಚಲ್ಲಿ ಜಾಗ ಬಿಡು. ಬೈಂಡಿಂಗ್ ಒಳಗೆ ಅವಳು ಸೇರ್ಕೊಂಬಿಡಬಾರ್ದು."

ಅನಘಾ ನಲವತ್ತೆಂಟು ಪುಟಗಳನ್ನೂ ಮತ್ತೆ ಜೋಡಿಸಿದಳು.

"ಪುಸ್ತಕ ಬರ್ಲಿ. ಪಕ್ಕದಲ್ಲಿ ಕೂರಿಸ್ಕೊಂಡು ನಾನೇ ತೋರಿಸ್ತೀನಿ. ಕಾಗದದ ಮೇಲಿನ ಬೆಂಕಿಗೂ ಹೆದರ್ತಾಳಾ?"

*

ಹೆದರಿದರು. ಅನಘಾ ಮೊದಲ ಪುಟ ತೆರೆದಾಗ ಕಲ್ಯಾಣಮ್ಮ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು.

"ಅಮ್ಮಾ, ಪೇಪರ್ ಅದು!" ಎಂದ ಶಿವಕಿರಣ್.

"ಗೊತ್ತು ಸುಮ್ನಿರೋ."

ಸೆರಗು ನಿಧಾನವಾಗಿ ಕೆಳಗಿಳಿಯಿತು. ಪುಟದ ತುಂಬ ಆಳೆತ್ತರದ ಜ್ವಾಲೆ. ಅದರ ಕೆಳಗೆ, ಆಗಷ್ಟೇ ಬಾಯಿ ಒರೆಸಿಕೊಳ್ಳುತ್ತಿರುವ ಕರಿಬಸಪ್ಪ. ಕಲ್ಯಾಣಮ್ಮ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇವ್ರು ನಗ್ತಾ ಇದಾರಲ್ಲೇ!"

"ಹೂಂ ಆಂಟಿ. ಯಾವಾಗ್ಲೂ."

"ಉರಿ ತಡ್ಕೊಂಡು ಒದ್ದಾಡ್ತಿರ್ತಾರೆ ಅಂತಲ್ವಾ ನಾನು ಇಷ್ಟು ವರ್ಷ..." ಅವರು ಪುಟ ತಿರುಗಿಸಿದರು. ಇನ್ನೊಂದು. ಮತ್ತೊಂದು. "ಬೆಂಕಿ ಬಿಟ್ಟು ಅತ್ತ ಯಾರನ್ನ ನೋಡ್ತಿದಾರೆ ಇವ್ರು?"

ಅನಘಾ ಪುಟದ ಅಂಚಿನ ಮೇಲೆ ಬೆರಳಿಟ್ಟಳು. ಅಲ್ಲಿ ಗೋಣಿಚೀಲ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ, ಕಲ್ಯಾಣಮ್ಮನೇ ನಿಂತಿದ್ದರು.

ಸಂಪತ್ ಭುಜದ ಮೇಲಿಂದ ಇಣುಕಿದರು. "ನೋಡ್ರಪ್ಪಾ! ನಲವತ್ತು ವರ್ಷ ಹೆಂಡ್ತಿಗೇ ಲೈನ್ ಹೊಡ್ದಿದಾನೆ, ಅಕ್ಕಂಗೆ ಗೊತ್ತೇ ಆಗಿಲ್ಲ!"

ಶಾಮಿಯಾನದ ಕೆಳಗೆಲ್ಲ ನಗು ಹರಡಿತು. ಅಯ್ಯನವರು ಕೂಡ ನಗು ಮುಚ್ಚಿಡಲು ಮುಖ ಆಚೆ ತಿರುಗಿಸಿಕೊಂಡರು. ಕಲ್ಯಾಣಮ್ಮ ಕೆಂಪಾಗಿ, "ಥೂ, ಏನ್ ಮಾತಾಡ್ತೀರಾ," ಎಂದು ಕಣ್ಣೊರೆಸಿಕೊಂಡರು. ಮತ್ತೆ ಮೊದಲ ಪುಟಕ್ಕೆ ಹೋದರು.

ಮಂಗಳಾರತಿಗೆ ಎಲ್ಲರೂ ಎದ್ದುನಿಂತರು. ತಟ್ಟೆಯ ಕರ್ಪೂರ ಭಗ್ಗನೆ ಹೊತ್ತಿಕೊಂಡಿತು. ಅಯ್ಯನವರು ಅದನ್ನು ಕರಿಬಸಪ್ಪನವರ ಮುಖದ ಮುಂದೆ ಎತ್ತಿ ಹಿಡಿದಾಗ, ಕೈಮುಗಿದವರ ಕಣ್ಣುಗಳೆಲ್ಲ ತಾವಾಗಿ ಮುಚ್ಚಿಕೊಂಡವು.

ಕಲ್ಯಾಣಮ್ಮ ಪುಸ್ತಕವನ್ನು ಎದೆಗವಚಿಕೊಂಡು, ಉರಿಯ ಆಚೆಗಿದ್ದ ಗಂಡನ ಮುಖವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.