ಭಾನುವಾರ ಕ್ಯಾನಕ್ಕ ಎತ್ತುವುದಿಲ್ಲ

ಏಳನೆಯ ಕ್ಯಾನು ಎತ್ತುವಾಗ ಸೊಂಟ ಹಿಡಿದುಕೊಂಡಿತು. ಕ್ಯಾನನ್ನು ಲಾರಿಯ ಅಂಚಿಗೆ ಒರಗಿಸಿಕೊಂಡು ನಿಂತವಳಿಗೆ ಅದನ್ನು ಮೇಲೆ ತಳ್ಳಲೂ ಆಗಲಿಲ್ಲ, ಕೆಳಗೆ ಇಳಿಸಲೂ ಆಗಲಿಲ್ಲ. ಲಾರಿ ಡ್ರೈವರು ಓಡಿ ಬಂದು ಹಿಡಿದುಕೊಂಡ. ಹಾಲು ಉಳಿಯಿತು. ಆದರೆ ಹಾಲು ಹಾಕಲು ಸಾಲಿನಲ್ಲಿ ನಿಂತಿದ್ದವರೆಲ್ಲ ಅದನ್ನು ನೋಡಿದರು. ಡೈರಿಯ ಕಾರ್ಯದರ್ಶಿಯೂ ನೋಡಿದ.

ಹನ್ನೊಂದು ವರ್ಷದಿಂದ ಆ ಡೈರಿಯಲ್ಲಿ ಕ್ಯಾನು ಎತ್ತುತ್ತಿದ್ದವಳು ಅವಳೇ. ಬೆಳಗಾದರೆ ಇಪ್ಪತ್ತು ಲೀಟರಿನ ಹನ್ನೆರಡು ಕ್ಯಾನು, ಎದೆಮಟ್ಟದ ಲಾರಿ, ಹತ್ತು ನಿಮಿಷದ ಸಮಯ. ಊರವರಿಗೆಲ್ಲ ಅವಳು ಕ್ಯಾನಕ್ಕ.

ಮಾರನೆಯ ದಿನ ಕಾರ್ಯದರ್ಶಿ ಅವಳನ್ನು ಪಕ್ಕಕ್ಕೆ ಕರೆದ.

"ನಲವತ್ತೈದು ದಾಟಿತಲ್ಲ ಕ್ಯಾನಕ್ಕ. ಇನ್ನು ಅಳತೆ ಬರ್ಕೊಂಡು ಕೂತಿರಿ. ಎತ್ತೋಕೆ ನನ್ನ ಭಾಮೈದನ್ನ ಹಾಕ್ತೀನಿ."

"ಅಳತೆಗೆ ಆಗಲೇ ಇಬ್ಬರಿದ್ದಾರೆ. ನನ್ನನ್ನ ಎಷ್ಟು ದಿನ ಕೂರಿಸ್ತೀರಿ?"

"ಒಂದು ಮೂರು ತಿಂಗಳು ಇರಲಿ. ಆಮೇಲೆ ನೋಡೋಣ."

ಆ 'ನೋಡೋಣ' ಎಂಬುದರ ಅರ್ಥ ಅವಳಿಗೆ ಗೊತ್ತಿತ್ತು. ಸೊಂಟದ ಮೇಲೆ ಕೈಯಿಟ್ಟುಕೊಂಡೇ ಹೇಳಿದಳು:

"ಮೂರು ತಿಂಗಳಿಗೆ ಇದೇ ಹನ್ನೆರಡು ಕ್ಯಾನು ನಿಮ್ಮ ಕಣ್ಣೆದುರಿಗೆ ಎತ್ತಿಡ್ತೀನಿ. ಎತ್ತಿದರೆ ಕೆಲಸ ನಂದು. ಇಲ್ಲದಿದ್ರೆ ನೀವು ಹೇಳೋದು ಬೇಡ, ನಾನೇ ಮನೆ ದಾರಿ ಹಿಡೀತೀನಿ."

ಕಾರ್ಯದರ್ಶಿ ನಕ್ಕು, "ಆಗಲಿ" ಎಂದ. ಆ ನಗುವನ್ನು ಅವಳು ಜೋಪಾನವಾಗಿ ಎತ್ತಿಟ್ಟುಕೊಂಡಳು.

ಆರೋಗ್ಯ ಕೇಂದ್ರದ ಡಾಕ್ಟರು ಪರೀಕ್ಷೆ ಮಾಡಿದರು. ಮೂಳೆಗೆ ಏನೂ ಆಗಿಲ್ಲ, ಸ್ನಾಯು ಸೋತಿದೆ, ಎರಡು ವಾರ ಭಾರ ಮುಟ್ಟಬೇಡ, ಆಮೇಲೆ ಡ್ರಿಲ್ ಟೀಚರ ಹತ್ತಿರ ಹೋಗಿ ಮೈ ಗಟ್ಟಿ ಮಾಡಿಕೋ ಎಂದರು. ಡ್ರಿಲ್ ಟೀಚರು ಎಂದರೆ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಬಿಸಿಲಲ್ಲಿ ಓಡಿಸಿ ನಿವೃತ್ತಿಯಾದ ಹೆಂಗಸು. ಶಾಲೆಯ ಹಿಂದೆ ಖಾಲಿ ಬಿದ್ದಿದ್ದ ಗೊಬ್ಬರದ ಗೋದಾಮಿನಲ್ಲಿ ಅವರು ಒಂದು ಜಿಮ್ಮು ಮಾಡಿದ್ದರು. ಕಬ್ಬಿಣದ ಸಲಾಕೆ, ಅದಕ್ಕೆ ಸಿಕ್ಕಿಸುವ ಭಾರದ ಬಿಲ್ಲೆಗಳು, ನಿಂತಲ್ಲೇ ತುಳಿಯುವ ಎರಡು ಸೈಕಲ್ಲು, ಮೂಲೆ ಒಡೆದ ಒಂದು ಉದ್ದ ಕನ್ನಡಿ. ರಬ್ಬರ್ ಚಾಪೆಯ ವಾಸನೆಯ ಜೊತೆಗೆ ಹಳೆಯ ಗೊಬ್ಬರದ ವಾಸನೆ ಇನ್ನೂ ಉಳಿದಿತ್ತು.

ಮನೆಯಲ್ಲಿ ಮಾತು ತೆಗೆದ ಕೂಡಲೇ ಅತ್ತೆ ಮುಖ ಸಿಂಡರಿಸಿದರು.

"ದಿನವಿಡೀ ಎತ್ತೋಳು, ಎತ್ತೋದಕ್ಕೆ ಅಂತ ಇನ್ನೊಂದು ಕಡೆ ಹೋಗಬೇಕಾ? ಅಷ್ಟು ಕೈ ತುರಿಸಿದರೆ ಕೊಟ್ಟಿಗೆಯ ಸಗಣಿ ಎತ್ತು. ಹಸುಗಳಾದರೂ ಖುಷಿ ಪಡ್ತವೆ."

"ಸಗಣೀನೂ ಎತ್ತಿದೀನಿ ಅತ್ತೆ, ಇಪ್ಪತ್ತೆರಡು ವರ್ಷ. ಅದರಿಂದ ಸೊಂಟ ಗಟ್ಟಿಯಾಗಿದ್ದರೆ ಈಗ ಹೀಗೆ ಬಗ್ಗಿ ನಿಂತಿರ್ತಿರಲಿಲ್ಲ."

"ಅಲ್ಲಿ ಬರೀ ಗಂಡು ಹುಡುಗರಂತೆ."

"ಇರಲಿ ಬಿಡಿ. ಅವರಿಗೆ ಕನ್ನಡಿ ನೋಡ್ಕೊಳ್ಳೋಕೇ ಹೊತ್ತು ಸಾಲಲ್ಲ, ನನ್ನನ್ನ ಎಲ್ಲಿ ನೋಡ್ತಾರೆ?"

ಗಂಡ ಬಡಗಿ. ಪಡಸಾಲೆಯಲ್ಲಿ ಹಲಗೆ ಹೆರೆಯುತ್ತಿದ್ದವನು ತಲೆಯೆತ್ತದೆ ಕೇಳಿದ: "ನನ್ನ ಹಳೇ ಪ್ಯಾಂಟು ಆಗುತ್ತಾ ನೋಡು." ಅವನ ಒಪ್ಪಿಗೆ ಎಂದರೆ ಅಷ್ಟೇ.

ಮೊದಲ ದಿನ ಡ್ರಿಲ್ ಟೀಚರು ಒಂದು ಬಿಲ್ಲೆಯನ್ನೂ ಮುಟ್ಟಗೊಡಲಿಲ್ಲ. ಕನ್ನಡಿಯ ಮುಂದೆ ನೆಟ್ಟಗೆ ನಿಲ್ಲಿಸಿದರು.

"ನೋಡಿಕೋ. ಬಲಗಡೆ ಹೆಗಲು ಎರಡು ಬೆರಳು ಕೆಳಗಿದೆ. ಯಾವಾಗಲೂ ಬಲಗೈಯಲ್ಲೇ ಎಳೀತೀಯ ಅಲ್ವಾ?"

"ಹನ್ನೊಂದು ವರ್ಷ ಎತ್ತಿದೀನಿ ಟೀಚರೇ. ಅದೂ ಕಸರತ್ತೇ ಅಲ್ವಾ?"

"ಅಲ್ಲ. ಕೆಲಸ ತನಗೆ ಬೇಕಾದ್ದನ್ನ ನಿನ್ನ ಮೈಯಿಂದ ಕಿತ್ಕೊಳ್ಳುತ್ತೆ. ಒಂದೇ ಕೈ, ಒಂದೇ ತಿರುವು. ನಿನ್ನ ಮೈಗೆ ಏನು ಬೇಕು ಅಂತ ಅದು ಕೇಳಲ್ಲ. ಇಲ್ಲಿ ನಾವು ಕೇಳ್ತೀವಿ. ಇನ್ನೊಂದು ಹೇಳು, ಏಳನೇ ಕ್ಯಾನು ಆರನೆಯದಕ್ಕಿಂತ ಭಾರ ಇತ್ತಾ?"

"ಎಲ್ಲಾ ಒಂದೇ ತೂಕ."

"ಮತ್ತೆ ಅಲ್ಲೇ ಯಾಕೆ ಸೋತೆ? ಉಸಿರು ಮುಗಿದಿತ್ತು. ಏದುಸಿರಲ್ಲಿ ಮಂಡಿ ಮರೆತು ಬೆನ್ನು ಬಗ್ಗಿಸಿದೆ. ನಿನಗೆ ಬಲವೂ ಬೇಕು, ಉಸಿರೂ ಬೇಕು."

ಒಂದು ರಟ್ಟಿನ ಮೇಲೆ ವಾರವನ್ನು ಬರೆದುಕೊಟ್ಟರು. ಸೋಮವಾರ, ಗುರುವಾರ ಭಾರ. ಮಂಗಳ, ಶುಕ್ರ, ಶನಿವಾರ ಉಸಿರಿನ ಕೆಲಸ. ಸೈಕಲ್ ತುಳಿ ಅಥವಾ ಐವತ್ತು ನಿಮಿಷ ಬಿರುಸಾಗಿ ನಡಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಅಳತೆ. ಬುಧವಾರ ಮೈ ಸಡಿಲ ಮಾಡಿಕೊಳ್ಳುವುದು, ಅಷ್ಟೇ. ಭಾನುವಾರದ ಮುಂದೆ ಏನೂ ಬರೆದಿರಲಿಲ್ಲ.

"ಭಾನುವಾರ ಬರೆಯೋದು ಮರೆತ್ರಿ."

"ಮರೆತಿಲ್ಲ. ಭಾನುವಾರ ಕೂತ್ಕೋ."

"ಕೂತು ಏನು ಮಾಡ್ಲಿ?"

"ಕೂತ್ಕೋ ಅಂದೆನಲ್ಲ."

ಕ್ಯಾನಕ್ಕ ರಟ್ಟು ಹಿಡಿದು ಮನೆಗೆ ಬಂದಳು. ಕೊಟ್ಟಿಗೆಯ ಬಾಗಿಲಿಗೆ ಮೊಳೆ ಹೊಡೆದು ತೂಗುಹಾಕಿದಳು. ಆದರೆ ಒಳಗೊಳಗೇ ಒಪ್ಪಲಿಲ್ಲ. ಇರುವುದು ಹತ್ತು ಹನ್ನೊಂದು ವಾರ; ಅದರಲ್ಲಿ ವಾರಕ್ಕೆ ಎರಡೇ ದಿನ ಭಾರವೇ? ಆ ಮನೆಯಲ್ಲಿ ಜ್ವರ ಬಂದ ದಿನ ಬಿಟ್ಟು ಹಗಲು ಹೊತ್ತಿನಲ್ಲಿ ಹೆಂಗಸು ಕೂತದ್ದನ್ನು ಯಾರೂ ಕಂಡಿರಲಿಲ್ಲ. ಹಳೆಯ ಎರಡು ಕ್ಯಾನುಗಳಿಗೆ ನೀರು ತುಂಬಿ ಕೊಟ್ಟಿಗೆಯ ಹಿಂದೆ ಇಟ್ಟುಕೊಂಡಳು. ಬುಧವಾರ ಯಾರೂ ಇಲ್ಲದಾಗ ಎತ್ತಿದಳು. ಭಾನುವಾರ ಎರಡು ಪಟ್ಟು ಎತ್ತಿದಳು. ಟೀಚರಿಗೆ ಹೇಳಲಿಲ್ಲ.

ಮೂರನೆಯ ವಾರ ಮೈ ಹಗುರಾಯಿತು. ನಾಲ್ಕನೆಯ ವಾರ ನಿದ್ದೆ ಕೆಟ್ಟಿತು. ಐದನೆಯ ವಾರ, ಹಿಂದೆ ಹತ್ತು ಸಲ ಎತ್ತಿದ್ದ ಅದೇ ಸಲಾಕೆ ನಾಲ್ಕನೆಯ ಸಲಕ್ಕೆ ಎದೆಯ ಹತ್ತಿರವೇ ನಿಂತುಬಿಟ್ಟಿತು. ತೋಳು ಮರದ ಕೊರಡಿನಂತಾಗಿತ್ತು. ಡೈರಿಯಲ್ಲಿ ಕಾರ್ಯದರ್ಶಿ ಎಲ್ಲರಿಗೂ ಕೇಳುವಂತೆ, "ಭಾಮೈದನ ಕೈ ಕೆಲಸಕ್ಕೆ ಚೆನ್ನಾಗಿ ಕೂತಿದೆ" ಎಂದ. ಮನೆಯಲ್ಲಿ ಅತ್ತೆ, "ಗಟ್ಟಿಯಾಗೋಕೆ ಹೋಗಿ ಇದ್ದದ್ದನ್ನೂ ಕಳ್ಕೊಂಡು ಬಂದ್ಳು" ಎಂದರು.

ಮೂರು ದಿನ ಕ್ಯಾನಕ್ಕ ಜಿಮ್ಮಿಗೆ ಹೋಗಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಡ್ರಿಲ್ ಟೀಚರೇ ಮನೆಗೆ ಬಂದರು. ಕೊಟ್ಟಿಗೆಯ ಹಿಂದೆ ನೀರು ತುಂಬಿದ ಕ್ಯಾನುಗಳು ಕಣ್ಣಿಗೆ ಬಿದ್ದವು. ನೆಲದಲ್ಲಿ ಅವುಗಳ ಬುಡದ ಗುರುತು ಆಳವಾಗಿ ಒತ್ತಿತ್ತು. ಟೀಚರು ನೇರ ಕೊಟ್ಟಿಗೆಯೊಳಗೆ ಹೋದರು. ಅಲ್ಲಿ ಅತ್ತೆ ಕೆಂದ ಹಸುವಿನ ಪಕ್ಕ ಕೂತು ಹಗ್ಗ ಸರಿಮಾಡುತ್ತಿದ್ದರು. ಹಸು ಕಾಲು ಮಡಚಿ ಮಲಗಿ ದವಡೆ ಆಡಿಸುತ್ತಿತ್ತು.

"ಇದೇನು, ಹಾಡಹಗಲೇ ಬಿದ್ದುಕೊಂಡಿದೆ?" ಟೀಚರು ಅದರ ಬೆನ್ನು ತಟ್ಟಲು ಹೋದರು.

"ಎಬ್ಬಿಸಬೇಡಿ. ಮೆಲುಕು ಹಾಕ್ತಿದೆ."

"ಸೋಮಾರಿ ಹಸು ಇರಬೇಕು."

ಅತ್ತೆಗೆ ರೇಗಿತು. "ಯಾರು ಸೋಮಾರಿ? ಕರೆಯೋವಾಗ ಹಾಲು ಬರುತ್ತೆ ಅಷ್ಟೇ. ಆಗೋದು ಈಗ. ನಾಲ್ಕು ಸಲ ಎಬ್ಬಿಸಿ ನೋಡಿ, ಸಂಜೆ ತಂಬಿಗೆ ತುಂಬಲ್ಲ. ಶಾಲೆ ಟೀಚರಾಗಿ ಇಷ್ಟೂ ಗೊತ್ತಿಲ್ವಾ?"

ಟೀಚರು ಬಾಗಿಲಲ್ಲಿ ನಿಂತಿದ್ದ ಕ್ಯಾನಕ್ಕನ ಕಡೆ ತಿರುಗಿದರು. "ಕೇಳಿಸಿತಾ?"

ಮತ್ತೆ ಅತ್ತೆಯ ಕಡೆ ತಿರುಗಿದರು.

"ಐದು ವಾರದಿಂದ ನಿಮ್ಮ ಸೊಸೆಗೆ ಇದನ್ನೇ ಹೇಳ್ತಿದೀನಿ ಅಮ್ಮ. ಭಾರ ಎತ್ತಿದಾಗ ಸ್ನಾಯು ದಣಿಯುತ್ತೆ. ಅದು ರಿಪೇರಿಯಾಗಿ ಬಲ ಬರೋದು ಕೂತಾಗ, ಹೊಟ್ಟೆ ತುಂಬ ಉಂಡು ಏಳೆಂಟು ಗಂಟೆ ನಿದ್ದೆ ಮಾಡಿದಾಗ. ದಣಿಯೋ ಹಾಗೆ ಒಂದು ಸಲ ಎತ್ತಿದ ಮೇಲೆ ಮತ್ತೆ ಹಾಗೆ ಎತ್ತೋಕೆ ನಡುವೆ ಎರಡು ದಿನವಾದರೂ ಬೇಕು. ಇವಳು ಕೂತ್ಕೋ ಅಂದ ದಿನಾನೂ ಬಿಟ್ಟಿಲ್ಲ."

"ಅವಳೇನು ಹಸುವಾ?" ಅತ್ತೆ ಗೊಣಗಿದರು.

"ಅಲ್ಲ. ಹಸುವಾಗಿದ್ದರೆ ನೀವು ಯಾವತ್ತೋ ಮಲಗೋಕೆ ಬಿಡ್ತಿದ್ರಿ."

ಅತ್ತೆ ಹಗ್ಗದ ಗಂಟನ್ನು ಬಿಚ್ಚಿ ಮತ್ತೆ ಹಾಕಿದರು. ಹಸು ದವಡೆ ಆಡಿಸುತ್ತಲೇ ಇತ್ತು.

ಆ ಭಾನುವಾರ ಕ್ಯಾನಕ್ಕ ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತಳು. ಕೈಗಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಒಂದನ್ನೊಂದು ಹಿಡಿದುಕೊಂಡವು, ಬಿಟ್ಟವು. ಒಳಗೆ ಅತ್ತೆ ಪಾತ್ರೆಯೊಂದನ್ನು ಬೇಕೆಂದೇ ಸದ್ದಾಗುವಂತೆ ಕುಕ್ಕಿದರು. ಅವಳು ಏಳಲಿಲ್ಲ. ಇನ್ನೊಂದು ಕುಕ್ಕಿದರು. ಆಗಲೂ ಏಳಲಿಲ್ಲ. ಸಲಾಕೆ ಎತ್ತುವುದು ಇದಕ್ಕಿಂತ ಸುಲಭ ಅನ್ನಿಸಿತು. ದಾರಿಯಲ್ಲಿ ಹೋಗುತ್ತಿದ್ದ ಎದುರುಮನೆಯವಳು ನಿಂತು ಕೇಳಿದಳು:

"ಯಾಕೆ ಕ್ಯಾನಕ್ಕ, ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಹಾಗೇ ಇರೋಣ ಅಂತ ಕೂತಿದೀನಿ."

ಆಮೇಲೆ ರಟ್ಟಿನಲ್ಲಿ ಇದ್ದಂತೆಯೇ ವಾರಗಳು ನಡೆದವು. ಸೋಮವಾರ ಸಲಾಕೆ, ಮಂಗಳವಾರ ಸೈಕಲ್ಲು. ಶುರುವಿಗೆ ಐದು ನಿಮಿಷ ಮೈ ಬೆಚ್ಚಗೆ ಮಾಡಿಕೊಳ್ಳುವುದು. ಹತ್ತು ಸಲ ಎತ್ತಿದರೆ ಕೊನೆಯ ಎರಡು ಕಷ್ಟ ಎನ್ನಿಸುವಷ್ಟೇ ಭಾರ. ಅದು ಸಲೀಸಾದ ಮೇಲಷ್ಟೇ ಇನ್ನೊಂದು ಸಣ್ಣ ಬಿಲ್ಲೆ. ಚುಚ್ಚಿದಂತೆ ನೋವು ಬಂದರೆ ಅಲ್ಲಿಗೇ ನಿಲ್ಲಿಸುವುದು. ಗಂಡ ಲಾರಿಯ ಎತ್ತರ ಅಳೆದುಕೊಂಡು ಬಂದು ಅಷ್ಟೇ ಎತ್ತರದ ಒಂದು ಗಟ್ಟಿ ಪೆಟ್ಟಿಗೆ ಮಾಡಿ ಗೋದಾಮಿನಲ್ಲಿ ಇಟ್ಟುಬಂದ. ಮಂಡಿ ಬಗ್ಗಿಸಿ, ಭಾರವನ್ನು ಮೈಗೆ ಒತ್ತಿಕೊಂಡು, ಎತ್ತುವಾಗ ಉಸಿರು ಬಿಟ್ಟು, ಒಮ್ಮೆ ಬಲಗಡೆಯಿಂದ ಒಮ್ಮೆ ಎಡಗಡೆಯಿಂದ ಎತ್ತಿಡುವುದನ್ನು ಅದರ ಮೇಲೆಯೇ ಕಲಿತಳು.

ಹೇಳಿದ ದಿನ ಬಂತು. ಶನಿವಾರ. ಅವತ್ತು ಹಾಲು ಹಾಕಿದವರು ಯಾರೂ ಮನೆಗೆ ಹೋಗಲಿಲ್ಲ. ಭಾಮೈದ ಗೋಡೆಗೆ ಒರಗಿ ನಿಂತಿದ್ದ. ಗಂಡನ ಪ್ಯಾಂಟು ತೊಟ್ಟ ಕ್ಯಾನಕ್ಕ ಎತ್ತತೊಡಗಿದಳು. ಒಂದು, ಎರಡು, ಆರು. ಏಳನೆಯದರ ಮುಂದೆ ನಿಂತಳು. ಯಾರೋ ಮೆಲ್ಲಗೆ, "ಅಗೋ, ಅಲ್ಲೇ" ಎಂದರು. ಅವಳು ಅವಸರ ಮಾಡಲಿಲ್ಲ. ಎರಡು ಸಲ ಉಸಿರೆಳೆದು ಬಿಟ್ಟಳು. ಮಂಡಿ ಬಗ್ಗಿಸಿದಳು. ಕ್ಯಾನು ಲಾರಿಯ ಮೇಲೆ ಹೋಗಿ ಕೂತಿತು. ಹನ್ನೆರಡನೆಯದಾದಾಗ ಡ್ರೈವರು ಗಡಿಯಾರ ನೋಡಿ, "ಎಂಟೂವರೆ ನಿಮಿಷ" ಎಂದ.

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡ. "ಸರಿ. ನಾಳೆಯಿಂದ ನೀವೇ ಬನ್ನಿ."

"ನಾಳಿದ್ದಿಂದ. ಭಾನುವಾರ ನಾನು ಎತ್ತಲ್ಲ."

"ಹಾಲಿಗೆ ಭಾನುವಾರ ಇಲ್ಲ ಕ್ಯಾನಕ್ಕ."

"ನನಗಿದೆ. ಹನ್ನೊಂದು ವರ್ಷ ಇರಲಿಲ್ಲ, ಅದಕ್ಕೇ ಸೊಂಟ ಹಿಡೀತು. ಆರು ದಿನ ನಾನು, ಒಂದು ದಿನ ನಿಮ್ಮ ಭಾಮೈದ. ಅವನೂ ಬಲಗೈಯಲ್ಲೇ ಎಳೀತಾನೆ, ನೋಡಿದೀನಿ. ಏಳು ದಿನ ಎಳೆದರೆ ಅವನ ಸೊಂಟಾನೂ ಉಳಿಯಲ್ಲ."

ಗೋಡೆಗೆ ಒರಗಿದ್ದ ಭಾಮೈದ ಬಲ ಹೆಗಲನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡ.

ಮರುದಿನ ಬೆಳಗ್ಗೆ ಕಾರ್ಯದರ್ಶಿಯ ಬೈಕು ಕ್ಯಾನಕ್ಕನ ಮನೆಯ ಮುಂದೆ ನಿಂತಿತು. ಮೆಟ್ಟಿಲ ಮೇಲೆ ಅತ್ತೆ ಕೂತಿದ್ದರು, ಬಾಗಿಲಿಗೆ ಅಡ್ಡವಾಗಿ.

"ಸೊಸೆ ಇಲ್ವಾ ಅಮ್ಮ?"

"ಇದಾಳೆ. ಮಲಗಿದಾಳೆ."

"ಭಾಮೈದನ ಹೆಗಲು ಹಿಡ್ಕೊಂಡಿದೆಯಂತೆ. ಲಾರಿ ಬಂದು ನಿಂತಿದೆ. ಇವತ್ತೊಂದು ದಿನ ಸ್ವಲ್ಪ ಎಬ್ಬಿಸಿ."

ಅತ್ತೆ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದರು, ಸಂತೆಯಲ್ಲಿ ಎತ್ತು ನೋಡುವ ಹಾಗೆ.

"ಹನ್ನೆರಡೇ ಕ್ಯಾನು. ನಿಮಗೂ ಎರಡು ಕೈಯಿದೆ, ಡ್ರೈವರೂ ಇದಾನೆ, ಒಂದೊಂದನ್ನ ಇಬ್ಬರೂ ಸೇರಿ ಹಿಡೀರಿ. ಬೆನ್ನು ಬಗ್ಗಿಸಬೇಡಿ, ಮಂಡಿ ಬಗ್ಗಿಸಿ. ಅವಳನ್ನ ಮಾತ್ರ ಎಬ್ಬಿಸೋ ಹಾಗಿಲ್ಲ. ಆಗೋದು ಈಗಲೇ."

"ಏನು ಆಗೋದು?"

"ನಿಮಗೆ ಗೊತ್ತಾಗಲ್ಲ. ಹೋಗಿ, ಹಾಲು ಕೆಡುತ್ತೆ."

ಬೈಕು ಹೊರಟ ಸದ್ದು ಕೇಳಿಸಿತು. ಒಳಗೆ ಎಚ್ಚರವಾಗಿಯೇ ಇದ್ದ ಕ್ಯಾನಕ್ಕ ಮಗ್ಗುಲು ಬದಲಿಸಿ ಮತ್ತೆ ಕಣ್ಣು ಮುಚ್ಚಿದಳು.

ಇದನ್ನು ಓದುತ್ತಿರುವ, ಓದಿಸಿಕೊಂಡು ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಒಂದು ರಟ್ಟು ಸಿಕ್ಕೀತು. ಅದರ ಮೇಲೆ ನಿಮ್ಮ ವಾರ ಬರೆಯಿರಿ. ಎರಡು ದಿನ ಭಾರಕ್ಕೆ, ಎರಡು ಮೂರು ದಿನ ಉಸಿರಿಗೆ. ಜಿಮ್ಮು ಇಲ್ಲದ ಊರಾದರೆ ನೀರು ತುಂಬಿದ ಬಾಟಲಿ, ನಡೆಯಲು ಒಂದು ದಾರಿ, ಇಷ್ಟು ಸಾಕು. ಬಿ.ಪಿ., ಸಕ್ಕರೆ ಕಾಯಿಲೆ, ಎದೆನೋವು, ಹಳೆಯ ಪೆಟ್ಟು ಇದ್ದವರು, ಬಸುರಿಯರು ಮೊದಲು ಡಾಕ್ಟರನ್ನು ಕೇಳಿ. ವಯಸ್ಸಾಯಿತು ಎನ್ನುವವರ ಮಾತು ಕೇಳಬೇಡಿ. ದಿನವಿಡೀ ದುಡಿಯುತ್ತೀಯಲ್ಲ, ನಿನಗೆ ಇದೆಲ್ಲ ಯಾಕೆ ಎನ್ನುವವರ ಮಾತನ್ನಂತೂ ಕೇಳಲೇಬೇಡಿ. ಮತ್ತೆ ಒಂದು ದಿನದ ಮುಂದೆ ಏನನ್ನೂ ಬರೆಯದೆ ಖಾಲಿ ಬಿಡಿ. ಆ ದಿನ ಯಾರಾದರೂ ಬಂದು ಯಾಕೆ ಸುಮ್ಮನೆ ಕೂತಿದ್ದೀಯ ಎಂದು ಕೇಳಿದರೆ, ಎದ್ದು ನಿಂತು ಉತ್ತರ ಕೊಡಬೇಡಿ. ಕೂತೇ ಕೊಡಿ.