ಮಿಲ್ಟ್ರಿ ಗುರುಮಲ್ಲಯ್ಯನ ಮಾತು

"ಕತ್ತು ವಾಲ್ತದೆ ಕಣ್ಲಾ, ಬಟ್ಟೆ ಬಿಗಿಯಾಗಿ ಕಟ್ಟು!" ಎಂದು ರಂಗಸ್ವಾಮಿ ಯಾರನ್ನೋ ಗದರಿದ. ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವ ಮನೆ ಅದು. ಉಡಿಗಾಲದ ಮಿಲ್ಟ್ರಿ ಗುರುಮಲ್ಲಯ್ಯ ಹಣೆತುಂಬ ವಿಭೂತಿ ಬಳಿಸಿಕೊಂಡು ಜಗಲಿಯ ಮೇಲೆ ಕೂತಿದ್ದ.

ರಂಗಸ್ವಾಮಿಯೂ ಅವನ ಜೊತೆ ಮಿಲ್ಟ್ರಿಯಲ್ಲಿದ್ದವನೇ. ಗೆಳೆಯನ ಹೆಂಡತಿಯ ಬಳಿ ಬಗ್ಗಿ, "ಸೋಮಕ್ಕ, ಎಮ್ಮೆಲ್ಲೆ ಶಾಂತಮಲ್ಲಪ್ಪೋರು ಬತ್ತಾವ್ರಂತೆ. ಒಸಿ ಕಾಯನಾ?" ಎಂದ.

ಸೋಮಮ್ಮನಿಗೆ ಮೈಯೆಲ್ಲ ಉರಿಯಿತು. "ಬದುಕಿದ್ದಾಗ ಬರ್ದೋನು ಈಗ್ಯಾಕಪ್ಪ ಬತ್ತಾನೆ? ಎತ್ತಿ, ಹೊತ್ತು ಮುಳುಗೋದ್ರೊಳ್ಗೆ ಮಣ್ಣಾಗ್ಲಿ."

*

ಹೋದ ಚುನಾವಣೆಗೆ ಮುಂಚೆ ಪಿಂಚಣಿ ಬಾಕಿಗಾಗಿ ಮಾಜಿ ಸೈನಿಕರು ಚಾಮರಾಜನಗರದಲ್ಲಿ ಧರಣಿ ಕೂತಾಗ ಹಳೆಯ ಶಾಸಕ ಅತ್ತ ತಲೆಯನ್ನೂ ಹಾಕಲಿಲ್ಲ. ಶಾಂತಮಲ್ಲಪ್ಪ ಬಂದು ಪಕ್ಕದಲ್ಲೇ ಕೂತು, "ನನ್ನ ಗೆಲ್ಸಿ, ಕೊಡುಸ್ತೀನಿ" ಅಂದ. ಅಷ್ಟಕ್ಕೇ ಮರುಳಾದ ನಮ್ಮ ಗುರುಮಲ್ಲಯ್ಯ! ಉಮ್ಮತ್ತೂರು, ಸಂತೆಮರಹಳ್ಳಿ ಎಲ್ಲ ಸುತ್ತಿ ಮನೆಮನೆಯಲ್ಲೂ, "ಅವನನ್ನಲ್ಲ, ನನ್ ಮಾತ್ನ ನಂಬಿ" ಎಂದ. ಜನ ನಂಬಿದರು. ಹಳಬ ಸೋತ. ಗೆದ್ದವನು ಮತ್ತೆ ಇತ್ತ ತಿರುಗಲಿಲ್ಲ.

"ಎಲ್ಲೋಯ್ತು ನಿನ್ ಮಾತು?" ಎಂದು ಟೀ ಅಂಗಡಿಯಲ್ಲಿ ನಕ್ಕರು. ಅಂದಿನಿಂದ ಗುರುಮಲ್ಲಯ್ಯ ಬೀದಿಗೇ ಇಳಿಯಲಿಲ್ಲ.

"ಬಂದೂಕಿಗೆ ಅಂಜ್ನಿಲ್ಲ ಕಣೆ, ಈ ನಗೆಗೆ ಸತ್ತೋದೆ," ಎಂದಿದ್ದ ಹೆಂಡತಿಗೆ.

*

ಹೊಲದಲ್ಲಿ ಕುಳಿಗೆ ಇಳಿಸಿದ್ದೇ ತಡ, ಕಾರು ಬಂತು. ಹಿಂದೆಯೇ ಫೋಟೊದವರು. ಶಾಂತಮಲ್ಲಪ್ಪ ಎಲ್ಲರಂತೆ ಬಗ್ಗಿ, ಗುಡ್ಡೆಯಿಂದ ಹಿಡಿ ಮಣ್ಣು ತೆಗೆದುಕೊಂಡು, "ನಮ್ಮ ಯೋಧರ ಬಾಕಿ ಬರೋ ತಿಂಗಳೇ..." ಎಂದು ಶುರುಮಾಡಿದ.

"ತಡೀರಿ ಸ್ವಾಮಿ!"

ಸೋಮಮ್ಮ ಅಳು ನುಂಗಿ ಮುಂದೆ ಬಂದಳು. "ಸತ್ತೋರ್ ಮಣ್ಣ ಕೈಲಿ ಇಡ್ದು ಆಡೋ ಮಾತು ನಮ್ಮಲ್ಲಿ ಆಣೆ. ತಪ್ಪುದ್ರೆ ವಂಶಕ್ಕೇ ತಟ್ಟತದೆ. ಈಗ ಯೋಳಿ, ಊರೆಲ್ಲ ಕೇಳ್ಲಿ. ಯೋಳಿ, ಆಮೇಲೆ ಅವರ್ಗೆ ಮಣ್ ಕೊಡಿ. ನನ್ ಗಂಡ ಸುಳ್ಗಾರ ಅನ್ನುಸ್ಕೊಂಡು ಮಣ್ಣಾಗೋದು ಬ್ಯಾಡ."

ಟೀ ಅಂಗಡಿಯಲ್ಲಿ ನಕ್ಕವರೂ ಅಲ್ಲೇ ಇದ್ದರು. ಶಾಸಕ ಅವಳನ್ನು ನೋಡಿದ, ಕುಳಿಯಲ್ಲಿ ಕೂತವನನ್ನು ನೋಡಿದ.

ಆಮೇಲೆ ಊರೆಲ್ಲ ನೋಡುತ್ತಿದ್ದಂತೆ ಹಿಂದಕ್ಕೆ ಸರಿದು, ಆ ಹಿಡಿ ಮಣ್ಣನ್ನು ಕುಳಿಗೆ ಹಾಕದೆ ಮೆಲ್ಲಗೆ ಗುಡ್ಡೆಗೇ ಸುರಿದ. ಕರ್ಚೀಫು ತೆಗೆದು, ಒಂದೊಂದೇ ಬೆರಳು ಒರೆಸಿಕೊಳ್ಳತೊಡಗಿದ.